ಮೊಹರು ಒಡೆಯದ ನೀರು

ಮೊಹರು ಒಡೆಯದಿರುವವರೆಗೆ ನೀರು ಶುದ್ಧವಾಗಿರುತ್ತದೆ ಎಂಬುದು ನಮ್ಮ ಇಲಾಖೆಯ ನಿಯಮ. ಪರದೇಶದಲ್ಲಿ ಶಾಂತಿ ಕಾಯುತ್ತಿರುವ ನಮ್ಮ ಸೈನಿಕರಿಗೆ ಕುಡಿಯುವ ನೀರು ಕಳುಹಿಸುವುದು ಇಲಾಖೆಯ ಕರ್ತವ್ಯ. ಬಾಟಲಿಯ ಮುಚ್ಚಳಕ್ಕೆ ಕೆಂಪು ಮೊಹರು ಅಂಟಿಸುವುದು ನನ್ನ ಕರ್ತವ್ಯ.

ಆ ಪಡೆಯಲ್ಲಿ ನನ್ನ ತಮ್ಮನೂ ಇದ್ದಾನೆ. ಅವನು ಫೋನು ಮಾಡಿದ.

"ಅಕ್ಕಾ, ನಾಲ್ಕು ಸಾವಿರ ಬಾಟಲಿ ಬಂದಿದೆ. ಮುಟ್ಟೋ ಹಾಗಿಲ್ಲ."

"ಯಾಕೋ?"

"ಮೊಹರು ಒಡೆದವರ ಮೇಲೆ ವಿಚಾರಣೆ ಅಂತ ಬರೆದಿದೆಯಲ್ಲ. ನೀನೇ ಅಂಟಿಸಿದ್ದು."

"ಮತ್ತೆ ಏನು ಕುಡೀತೀರಿ?"

"ಹಳ್ಳದ ನೀರು. ಎಲ್ಲರಿಗೂ ಹೊಟ್ಟೆ ಕೆಟ್ಟಿದೆ. ಕಕ್ಕಸಿನ ಮುಂದೆ ಕೋವಿ ಹಿಡಿದು ಸಾಲಾಗಿ ನಿಂತಿದ್ದೀವಿ. ಕವಾಯತಲ್ಲೂ ಇಷ್ಟು ಶಿಸ್ತು ಇರಲಿಲ್ಲ."

ನಾನು ಅಧೀಕ್ಷಕರ ಮುಂದೆ ನಿಂತೆ. ಅವರು ಊಟದ ಡಬ್ಬಿ ಮುಚ್ಚಿ ಕಡತ ತೆರೆದರು.

"ನಮ್ಮ ನೀರಿನಿಂದ ಯಾರಿಗಾದ್ರೂ ಕಾಯಿಲೆ ಬಂದಿದೆಯೇನಮ್ಮ?"

"ಇಲ್ಲ ಸಾರ್. ಅದನ್ನ ಯಾರೂ ಕುಡಿದಿಲ್ಲ."

"ಬರ್ಕೊಳ್ಳಿ," ಎಂದು ಗುಮಾಸ್ತರತ್ತ ತಿರುಗಿದರು. "ಈ ನೀರಿನಿಂದ ಈವರೆಗೆ ಒಬ್ಬ ಸೈನಿಕನಿಗೂ ತೊಂದರೆಯಾಗಿಲ್ಲ."

"ನನ್ನ ತಮ್ಮನಿಗೆ ನೆಟ್ಟಗೆ ನಿಲ್ಲೋಕೂ ಆಗ್ತಿಲ್ಲ ಸಾರ್."

"ಹಳ್ಳ ನಮ್ಮ ಇಲಾಖೆಗೆ ಬರಲ್ಲಮ್ಮ."

ಆದರೂ ಅವರು ಕರುಣೆಯುಳ್ಳವರು. ಅವರು ನೇಮಿಸಿದ ಮೂವರ ಸಮಿತಿಯೊಂದು ವಿಮಾನದಲ್ಲಿ ತೆರಳಿ, ಸೈನಿಕರ ಸಮ್ಮುಖದಲ್ಲಿ ಒಂದು ಬಾಟಲಿಯನ್ನು ವಿಧಿವತ್ತಾಗಿ ತೆರೆದು ಹಂಚಿಕೊಂಡು ಕುಡಿಯಿತು. ನೀರು ಶುದ್ಧವಾಗಿಯೂ ರುಚಿಯಾಗಿಯೂ ಇತ್ತೆಂದು ಘೋಷಿಸಲಾಯಿತು. ಸೈನಿಕರು ಚಪ್ಪಾಳೆ ತಟ್ಟಿದರು. ನಿಲ್ಲಲಾರದವರಿಗೆ ಕುಳಿತೇ ತಟ್ಟಲು ಅನುಮತಿಯಿತ್ತು. ಉಳಿದ ಬಾಟಲಿಗಳನ್ನು ತೆರೆದರೆ ಈ ಶುದ್ಧತೆಗೆ ಧಕ್ಕೆಯಾಗುವುದೆಂದು ಅವುಗಳಿಗೆ ಕಾವಲು ಹಾಕಲಾಯಿತು. ಗಸ್ತು ತಿರುಗುವ ತ್ರಾಣವಿಲ್ಲದ್ದರಿಂದ ನನ್ನ ತಮ್ಮನಿಗೇ ಆ ಕೆಲಸ ಸಿಕ್ಕಿತು.

ಶಿಬಿರದ ಪಕ್ಕದಲ್ಲಿ ಆ ಊರಿನ ಅಜ್ಜಿಯೊಬ್ಬರಿದ್ದರು. ಇವರೆಲ್ಲ ಶಾಂತಿ ಕಾಯಲು ಹೋಗಿದ್ದು ಅಂಥವರಿಗಾಗಿಯೇ. ನನ್ನ ತಮ್ಮನ ಬಾಡಿದ ಮುಖ ನೋಡಲಾರದೆ ಅವರು ದಿನವೂ ನೀರು ಕಾಯಿಸಿ, ಆರಿಸಿ, ಮಡಕೆಯಲ್ಲಿ ತಂದುಕೊಟ್ಟರು. ಎಂಟು ದಿನದಲ್ಲಿ ಅವನು ಚೇತರಿಸಿಕೊಂಡ. ಸಮಿತಿ ಕಾರಣ ಕೇಳಿದಾಗ ನನ್ನ ಹುಚ್ಚು ತಮ್ಮ ನಿಜ ಹೇಳಿಬಿಟ್ಟ.

ಮಡಕೆಗೆ ಮೊಹರಿಲ್ಲದಿರುವುದು ಗಂಭೀರ ಲೋಪವೆಂದು ಸಮಿತಿ ವರದಿ ಮಾಡಿತು. ದೊಡ್ಡ ಅಳತೆಯ ಮೊಹರೊಂದನ್ನು ನಾನೇ ಕತ್ತರಿಸಿ ಕಳುಹಿಸಿದೆ.

ನಿನ್ನೆ ತಮ್ಮ ಮತ್ತೆ ಫೋನು ಮಾಡಿದ.

"ಮಡಕೆಗೂ ಮೊಹರು ಬಿತ್ತು ಅಕ್ಕಾ. ಅದಕ್ಕೂ ನಾನೇ ಕಾವಲು."

"ಕುಡಿಯೋಕೆ?"

"ಹಳ್ಳ ಇದೆಯಲ್ಲ. ಅಜ್ಜಿನೂ ಈಗ ಅಲ್ಲಿಗೇ ಬರ್ತಾರೆ."

"ಬೇಜಾರು ಮಾಡ್ಕೊಂಡ್ರಾ?"

"ಇಲ್ಲ. ಮೊಹರಿನ ಅಂಚು ಒಂಚೂರೂ ಸೊಟ್ಟ ಇಲ್ಲದ ಹಾಗೆ ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಅಂದ್ರು."

ನನ್ನ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನನ್ನ ಕೆಲಸವನ್ನು ಮೆಚ್ಚಿಕೊಂಡವರು ಆ ಅಜ್ಜಿಯೊಬ್ಬರೇ.