ಆಗ್ನೇಯ ಮೂಲೆಯ ಮೀಟರು

ಪುಣೆಯ ಕೊಂಢವಾದಲ್ಲಿ ಮನೆ ಕಟ್ಟಿಸಿದ ಶಿವಪುತ್ರಪ್ಪನವರು ಗೃಹಪ್ರವೇಶಕ್ಕೆ ತಿಂಗಳಿರುವಾಗ ಭೀಷ್ಮಪ್ರತಿಜ್ಞೆ ಮಾಡಿದರು: ಕರೆಂಟಿನ ಕನೆಕ್ಷನ್ನಿಗೆ ಸರ್ಕಾರಿ ಶುಲ್ಕ ಬಿಟ್ಟು ನಯಾಪೈಸೆ ಹೆಚ್ಚು ಕೊಡುವುದಿಲ್ಲ! ಇಪ್ಪತ್ತೆಂಟು ವರ್ಷ ಅದೇ ಊರಿನ ಬಾಡಿಗೆ ಮನೆಗಳಲ್ಲಿ ಕಳೆದು, ಸ್ವಂತ ಒಲೆಯ ಮೇಲೆ ಹಾಲು ಉಕ್ಕಿಸುವ ದಿನಕ್ಕೆ ಕಾಯುತ್ತಿದ್ದ ಹೆಂಡತಿ ಕಾಶವ್ವನಿಗೆ ಪ್ರತಿಜ್ಞೆ ಬೇಕಿರಲಿಲ್ಲ, ಕರೆಂಟು ಬೇಕಿತ್ತು.

“ಕಂಬ ವಾಯವ್ಯಕ್ಕ ಅದರಿ. ಮೀಟರ್ ಅಲ್ಲೇ ಕೂಡಸ್ರಿ,” ಎಂದಳು.

“ಕರೆಂಟ್ ಅಂದ್ರ ಅಗ್ನಿ. ಆಗ್ನೇಯಕ್ಕ ಇರಬೇಕು. ಗಾಳಿ ಮೂಲ್ಯಾಗ ಬೆಂಕಿ ಇಟ್ಟರ ಮನಿ ಉಳಿತದೇನು?”

ವಾಸ್ತುಶಾಸ್ತ್ರದಲ್ಲಿ ಅವರ ಪಾಂಡಿತ್ಯ ಕ್ಯಾಲೆಂಡರಿನ ಹಿಂಬದಿ ಓದಿದಷ್ಟಿತ್ತು. ಅದು ಬಹಳ ಅಪಾಯಕಾರಿ ಪ್ರಮಾಣ.

ವಿದ್ಯುತ್ ಕಚೇರಿಯ ವಿಕಾಸ ಸಾಹೇಬರು ಬಂದು ಹಳೇ ಕಂಬದಿಂದ ಆಗ್ನೇಯ ಮೂಲೆಗೆ ಅಳೆದರು. ಟೇಪು ಮುಗಿಯಿತು, ಮನೆ ಮುಗಿಯಲಿಲ್ಲ. “ಕಾಕಾ, ನವಾ ಖಾಂಬ ಲಾಗೇಲ್,” ಎಂದರು. ಹೊಸ ಕಂಬ ಬೇಕು, ಖರ್ಚು ಮನೆಯವರದು! ಕಂಬಕ್ಕೆ, ತಂತಿಗೆ, ರಸ್ತೆ ಅಗೆಯಲು, ಅಗೆದದ್ದನ್ನು ಮುಚ್ಚಲು ಬೇರೆ ಬೇರೆ ರಸೀದಿ ಬಂದವು. ಎಲ್ಲವೂ ಅಪ್ಪಟ ಸರ್ಕಾರಿ ಶುಲ್ಕ. ಪ್ರತಿಜ್ಞೆಗೆ ಕೂದಲೆಳೆಯಷ್ಟೂ ಭಂಗ ಬರಲಿಲ್ಲ. ಕಾಶವ್ವನ ಚಿನ್ನದ ಪಾಟ್ಲಿ ಬಳೆಗಳು ಮಾತ್ರ ಬ್ಯಾಂಕಿಗೆ ಅಡವು ಹೋದವು.

ಗೃಹಪ್ರವೇಶದ ಹಿಂದಿನ ದಿನ ಹೂ ತರಲು ಹೋಗಿದ್ದ ಶಿವಪುತ್ರಪ್ಪನವರು ಮರಳಿ ಬಂದು ನೋಡುತ್ತಾರೆ, ಹೊಸ ಕಂಬ ಹೆಬ್ಬಾಗಿಲಿಗೆ ಸರಿಯಾಗಿ ಎದುರು, ಎದೆ ಸೆಟೆಸಿ ನಿಂತಿದೆ! ಮೀಟರಿಗೆ ತಂತಿ ನೆಟ್ಟಗೆ ಬರಬೇಕಾದರೆ ಅದು ಅಲ್ಲೇ ನಿಲ್ಲಬೇಕಂತೆ.

“ದ್ವಾರವೇಧ,” ಎನ್ನುತ್ತ ಅವರು ಮರಳಿನ ರಾಶಿಯ ಮೇಲೆ ಕುಸಿದರು. ಬಾಗಿಲಿನೆದುರು ಕಂಬವಿದ್ದರೆ ಅದಕ್ಕಿಂತ ದೊಡ್ಡ ದೋಷವಿಲ್ಲವೆಂದು ಅದೇ ಕ್ಯಾಲೆಂಡರು ಹೇಳಿತ್ತು. ಸ್ವಲ್ಪ ಸರಿಸಿ ಎಂದು ಗೋಗರೆದರು. ಸರಿಸೋಣ, ಹೊಸ ಅರ್ಜಿ, ಹೊಸ ಶುಲ್ಕ, ಎರಡು ತಿಂಗಳು ಎಂದರು ವಿಕಾಸ ಸಾಹೇಬರು.

“ಪ್ರವೇಶ ಮುಂದ ಹಾಕೂಣು,” ಎಂದು ಗಂಡ ಗೊಣಗಿದರು.

“ಇಪ್ಪತ್ತೆಂಟ ವರ್ಷ ಸಾಲಲಿಲ್ಲೇನ್ರಿ?” ಎಂದಳು ಕಾಶವ್ವ.

ಮರುದಿನ ಬೆಳಗ್ಗೆ ಅವಳು ಕಂಬ ಕಾಣದ ಹಿತ್ತಲ ಬಾಗಿಲಿಗೆ ತೋರಣ ಕಟ್ಟಿ, ಹಾಲಿನ ಪಾತ್ರೆ ಹಿಡಿದು ಒಳಗೆ ಹೋಗಿಯೇಬಿಟ್ಟಳು. ಲೈಟು ಹಾಕಿದಳು, ಒಲೆ ಹಚ್ಚಿದಳು. ಹಾಲು ಉಕ್ಕಿತು, ಸಂತೋಷಕ್ಕೆ ಅವಳ ಕಣ್ಣೂ ತುಂಬಿತು. ಗೃಹಪ್ರವೇಶಕ್ಕೆ ಬಂದ ಬೀಗರ ಮುಂದೆ ಶಲ್ಯ ಸರಿಪಡಿಸಿಕೊಂಡು ರಾಜಗಾಂಭೀರ್ಯದಿಂದ ಹಿಂಬಾಲಿಸಿದ ಯಜಮಾನರ ಹಣೆ ಚೌಕಟ್ಟಿಗೆ ಢಬ್ಬೆಂದು ಬಡಿಯಿತು.

ಕಾಶವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

“ಈ ಬಾಗಲಾ ಗಿಡ್ಡದರಿ. ಇನ್ನ ಈ ಮನಿಯೊಳಗ ನೀವು ತಲಿ ತಗ್ಗಿಸೇ ಬರಬೇಕು.”