ಅತ್ತೆಯ ಮಂಡಿಗೊಂದು ಲೋಹದ ಪಾಠ

ನನ್ನ ಪಾಠ ಕೇಳಿದವರಿಗೆ ಸೊಗಸಾಗಿ ನಿದ್ದೆ ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳಮಶ್ಶೇರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ನಾನು ಕಲಿಸುವ ವಿಷಯದ ಹೆಸರು ‘ಮೂಲ ತಯಾರಿಕಾ ವಿಧಾನಗಳು ಮತ್ತು ಎಂಜಿನಿಯರಿಂಗ್ ವಸ್ತುಗಳ ಪರಿಚಯ’. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚು ಮಲಗಿರುತ್ತದೆ. ಅದೂ ನನ್ನ ತರಗತಿ ಮಧ್ಯಾಹ್ನದ ಊಟವಾದ ಮೇಲೆ. ದಪ್ಪಕ್ಕಿ ಅನ್ನ, ಸಾಂಬಾರು ಹೊಟ್ಟೆಯಲ್ಲಿ ಇಳಿಯುತ್ತಿರುವಾಗ ಎರಕ, ಬೆಸುಗೆ ಯಾರಿಗೆ ಬೇಕು? ಒಮ್ಮೊಮ್ಮೆ ನನಗೇ ಆಕಳಿಕೆ ಬರುತ್ತದೆ. ವರ್ಷವರ್ಷವೂ ಹೊಸ ಮಕ್ಕಳಿಗೆ ಕಬ್ಬಿಣವನ್ನು ಪರಿಚಯ ಮಾಡಿಸುತ್ತೇನೆ. ಪರಿಚಯ ಸ್ನೇಹಕ್ಕೆ ತಿರುಗುವ ಮೊದಲೇ ಪರೀಕ್ಷೆ ಬಂದು ಇಬ್ಬರನ್ನೂ ದೂರ ಮಾಡುತ್ತದೆ.

ನಮ್ಮ ಮನೆ ಇರುವುದು ತಿರುವನಂತಪುರದ ಉಳ್ಳೂರಿನಲ್ಲಿ. ನನ್ನ ಗಂಡ ಶ್ರೀಧರ ಅಲ್ಲಿ ಕೇಂದ್ರ ಸರ್ಕಾರದ ಒಂದು ರಾಕೆಟ್ ಸಂಸ್ಥೆಯಲ್ಲಿ ವಿಜ್ಞಾನಿ. ವಾರವೆಲ್ಲ ನಾನು ಕಳಮಶ್ಶೇರಿಯಲ್ಲಿ, ಶುಕ್ರವಾರ ಸಂಜೆ ರೈಲು ಹತ್ತಿ ಮನೆಗೆ. ನಾನು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಕಾಯುತ್ತಿದ್ದವರು ನನ್ನ ಅತ್ತೆ. ಮೈಸೂರಿನಿಂದ ನಮ್ಮ ಜೊತೆಗೇ ಬಂದವರು. ಬರಬರುತ್ತಾ ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಸೋಫಾಕ್ಕೆ, ಸೋಫಾದಿಂದ ಮಂಚಕ್ಕೆ ಹಿಂದೆ ಸರಿದರು. ಮಂಡಿ ಸವೆದುಹೋಗಿತ್ತು. ಬಚ್ಚಲಿಗೆ ನಡೆಯುವ ನೋವಿಗೆ ಹೆದರಿ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆಂದು ತಿಳಿದ ದಿನ ನಾವಿಬ್ಬರೂ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಮಂಡಿ ಬದಲಾಯಿಸಲೇಬೇಕು ಎಂದರು ಡಾಕ್ಟರು.

“ಬದಲಾಯಿಸೋಕೆ ಇದೇನು ಮಿಕ್ಸಿ ಜಾರಾ?” ಎಂದು ಅತ್ತೆ ಆಟೋದಲ್ಲೇ ತೀರ್ಪು ಕೊಟ್ಟರು.

ಶ್ರೀಧರ ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಚಿತ್ರ ತೋರಿಸಿದ. ಅತ್ತೆ ಮುಖ ತಿರುಗಿಸಿದರು. “ನೀನು ಆಕಾಶಕ್ಕೆ ಬಿಡೋ ಸಾಮಾನಿನ ವಿಷಯ ಹೇಳಪ್ಪ, ಕೇಳ್ತೀನಿ. ನನ್ನ ಮಂಡಿ ಇಲ್ಲೇ ಭೂಮಿ ಮೇಲಿರೋದು.” ಅವನು ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಸೇರಿಸಿದ. ಅಮ್ಮನ ಮುಂದೆ ವಿಜ್ಞಾನಿಗಳೆಲ್ಲ ಹೀಗೇ ಇರಬೇಕು.

ಮಾರನೆಯ ದಿನ ನಾನು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮೆಲ್ಲಗೆ ಕೇಳಿದರು. “ಸುಮಾ, ನೀನು ಲೋಹದ ಪಾಠ ಮಾಡೋಳಲ್ವೇನೇ? ಒಳಗೆ ಏನಿಡ್ತಾರೆ ಅಂತ ನೀನು ಹೇಳು.”

ಇಷ್ಟು ವರ್ಷಗಳಲ್ಲಿ ಯಾರೂ ತಾವಾಗಿ ನನ್ನನ್ನು ಪಾಠ ಕೇಳಿರಲಿಲ್ಲ. ಉತ್ಸಾಹದಲ್ಲಿ, “ಅತ್ತೆ, ವಸ್ತುಗಳಲ್ಲಿ ಲೋಹ, ಅಲೋಹ ಅಂತ ಎರಡು ವಿಧ...” ಎಂದು ಶುರು ಮಾಡಿದೆ.

“ವಿಧ ಎಲ್ಲ ಆಮೇಲೆ. ತುಕ್ಕು ಹಿಡಿಯುತ್ತಾ?”

“ಇಲ್ಲ ಅತ್ತೆ. ಕೋಬಾಲ್ಟ್, ಕ್ರೋಮಿಯಂ ಸೇರಿಸಿ ಮಾಡಿದ ಮಿಶ್ರಲೋಹ.”

“ನಾನು ಉಪ್ಪಿನಕಾಯಿ ಜಾಸ್ತಿ ತಿನ್ನೋಳು.”

“ಎಷ್ಟು ಬೇಕಾದರೂ ತಿನ್ನಿ. ಎರಡು ಲೋಹ ಒಂದಕ್ಕೊಂದು ಉಜ್ಜದ ಹಾಗೆ ಮಧ್ಯೆ ಒಂದು ಥರದ ಪ್ಲಾಸ್ಟಿಕ್ ಇರುತ್ತೆ.”

ಅತ್ತೆ ಕಾಲು ಎಳೆದುಕೊಂಡರು. “ಪ್ಲಾಸ್ಟಿಕ್ಕಾ! ಬಿಸಿಲಿಗಿಟ್ಟ ಬಕೆಟ್ ಪುಡಿಪುಡಿ ಆಗಲ್ವಾ?”

“ನಿಮ್ಮ ಮಂಡಿಯನ್ನ ಬಿಸಿಲಲ್ಲಿ ಒಣಗಿಹಾಕಲ್ಲ ಅತ್ತೆ.”

ಅವರು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ನಾನು ಬಿಡಲಿಲ್ಲ. ಮೊದಲು ಮೇಣದಲ್ಲಿ ಮಂಡಿಯ ಮಾದರಿ ಮಾಡುವುದು, ಅದಕ್ಕೆ ಮಣ್ಣಿನಂಥ ಲೇಪ ಕೊಡುವುದು, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಕಾದ ಲೋಹ ಸುರಿಯುವುದು, ಎಲ್ಲ ಹೇಳಿದೆ. “ಸಂಕ್ರಾಂತಿ ಸಕ್ಕರೆ ಅಚ್ಚಿನ ಹಾಗೆ ಅನ್ನು,” ಎಂದರು. ಹಾಗೇ ಅಂದೆ. “ಅಚ್ಚಿನಲ್ಲಿ ಗಾಳಿ ಸೇರಿ ಒಳಗೆ ಟೊಳ್ಳಾದರೆ?” ಅದಕ್ಕೂ ಎಕ್ಸ್-ರೇ ತೆಗೆದು ನೋಡುತ್ತಾರೆಂದೆ. “ಅದಕ್ಕೂನಾ? ಪಾಪ!” ಎಂದರು. ನೋಯುವವರೆಲ್ಲ ಒಂದೇ ಬಳಗ ಎಂಬಂತಿತ್ತು ಆ ಮಾತು. ಆಮೇಲೆ ಹಠ ಹಿಡಿದರು. “ಸುರಿಯೋದನ್ನ ನಾನು ನೋಡಬೇಕು.”

ನೋವಿನ ಮಂಡಿಯಲ್ಲಿ ಕಳಮಶ್ಶೇರಿಗೆ! ಶ್ರೀಧರ ಬೇಡವೆಂದ. ಆದರೆ ಮಂಚ ಬಿಟ್ಟು ಏಳಲೊಪ್ಪದವರು ರೈಲು ಹತ್ತುತ್ತೇನೆ ಎನ್ನುವಾಗ ತಡೆಯುವುದು ಹೇಗೆ? ರಜೆ ಹಾಕಿ ಅವನೂ ಬಂದ. ಕಾಲೇಜಿನ ವರ್ಕ್‌ಶಾಪಿನಲ್ಲಿ, ಕುಲುಮೆಯಿಂದ ದೂರದಲ್ಲಿ ಅತ್ತೆಗೊಂದು ಕುರ್ಚಿ ಹಾಕಿಸಿದೆ. ರೇಷ್ಮೆ ಸೀರೆಯುಟ್ಟು ಕೂತಿದ್ದರು. “ಅಮ್ಮೂಮ್ಮ, ಅಜ್ಜಿ, ನೋಡ್ತಿದ್ದಾರೆ” ಎಂದು ಮಕ್ಕಳು ಒಬ್ಬರಿಗೊಬ್ಬರು ಪಿಸುಗುಟ್ಟಿ ನೆಟ್ಟಗೆ ನಿಂತರು. ಮರಳಿನ ಅಚ್ಚಿಗೆ ಕಾದ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತಾ ಇಳಿಯಿತು. ಅತ್ತೆ ಉಸಿರು ಬಿಗಿಹಿಡಿದು ನೋಡಿದರು.

ಅಚ್ಚು ಒಡೆದಾಗ ಅವರ ಮುಖ ಬಾಡಿತು. ಮೈತುಂಬ ಮರಳು, ಪಕ್ಕದಲ್ಲಿ ಬಾಲದ ಹಾಗೆ ಅಂಟಿದ ಹೆಚ್ಚುವರಿ ಲೋಹ. “ಇಷ್ಟು ಒರಟಾ?” ಎಂದರು. ಫರ್ಹಾನಾ ಎಂಬ ಹುಡುಗಿ ಅದನ್ನು ನೀರಿನಲ್ಲಿ ಆರಿಸಿ, ಬಾಲ ಕತ್ತರಿಸಿ, ಅರ ಹಾಕಿ ಉಜ್ಜಿದಳು. ಆಮೇಲೆ ಮರಳು ಕಾಗದದಲ್ಲಿ ತಿಕ್ಕಿದಳು. ನನ್ನ ತರಗತಿಯಲ್ಲಿ ಯಾವತ್ತೂ ತೋರಿಸದ ಶ್ರದ್ಧೆ! ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು ಆ ತುಂಡನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಅದನ್ನು ಬೆರಳಿನಿಂದ ಸವರಿದರು.

“ನಾನು ಅಂಗಡಿ ಸಾಮಾನು ಅಂದ್ಕೊಂಡಿದ್ದೆ ಕಣೇ,” ಎಂದರು ನನಗೆ. “ಯಾರೋ ಕೂತು ಇಷ್ಟೆಲ್ಲ ಮಾಡಿರ್ತಾರೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಹಾಕಿಸ್ಕೊಳ್ತೀನಿ.” ಶ್ರೀಧರ ಯಾಕೋ ಕಿಟಕಿಯ ಕಡೆ ಹೋಗಿ ಕನ್ನಡಕ ಒರೆಸತೊಡಗಿದ.

ಆಪರೇಷನ್ನಿನ ದಿನ ಅತ್ತೆ ಧೈರ್ಯವಾಗಿಯೇ ಒಳಗೆ ಹೋದರು. ಹೊರಗೆ ಕೂತ ನನಗೆ ಮಾತ್ರ ಬಳಲಿಕೆ, ಬಿರುಕು, ಸವೆತ, ಲೋಹಗಳು ಸೋಲುವ ಬಗೆಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ನಾನೇ ಒಪ್ಪಿಸಿದ್ದಲ್ಲವೇ? ಅವರಿಗೇನಾದರೂ ಆದರೆ? ಕಣ್ಣು ತುಂಬಿತು. ಶ್ರೀಧರ ಕೈಗೆ ಚಾಯ ಕೊಟ್ಟು, “ನಿನ್ನ ಸಿಲಬಸ್ಸಿನಲ್ಲಿ ಒಳ್ಳೆ ಪಾಠ ಯಾವುದೂ ಇಲ್ವಾ? ಅದನ್ನ ನೆನಪಿಸ್ಕೋ,” ಎಂದ.

ಎಲ್ಲ ಚೆನ್ನಾಗಿಯೇ ಆಯಿತು. ಮರುದಿನ ವಾಕರ್ ಹಿಡಿದು ನಿಂತ ಅತ್ತೆ, ಮೂರು ಹೆಜ್ಜೆ ನಡೆದು, ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಹಾಗೆ ನಮ್ಮನ್ನು ನೋಡಿದರು. ಪಕ್ಕದ ಮಂಚದಲ್ಲಿ ಅದೇ ಆಪರೇಷನ್ನಿಗೆ ಹೆದರಿ ಅಳುತ್ತಿದ್ದ, ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಸರಸಮ್ಮನಿಗೆ ಅತ್ತೆ, “ಪೇಡಿಕ್ಕಂಡ, ಹೆದರಬೇಡಿ,” ಎಂದು ಅರ್ಧ ಮಲಯಾಳ, ಅರ್ಧ ಮೈಸೂರು ಕನ್ನಡದಲ್ಲಿ ಧೈರ್ಯ ಹೇಳುತ್ತಿದ್ದರು. ಮೇಣ, ಅಚ್ಚು, ಕೋಬಾಲ್ಟ್, ಒಂದನ್ನೂ ಬಿಟ್ಟಿರಲಿಲ್ಲ. ಚೇಚಿ ಕಣ್ಣೊರೆಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನಗೆ ಎದೆ ಉಬ್ಬಿತು.

ಅಷ್ಟರಲ್ಲಿ ಬಂದ ಡಾಕ್ಟರು ಕೋಬಾಲ್ಟಿನ ಮಾತು ಕೇಳಿಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. “ಟೀಚರೇ, ನಿಮ್ಮ ಅತ್ತೆಗೆ ಗಿಲೀಟಿನ ಓಲೆ ಹಾಕಿದರೆ ಕಿವಿ ತುರಿಸುತ್ತಂತೆ. ಲೋಹದ ಅಲರ್ಜಿ ಇರೋ ಅಂಥವರಿಗೆ ಕೋಬಾಲ್ಟಿನದು ಬೇಡ ಅಂತ ಜಿರ್ಕೋನಿಯಂದು ಹಾಕಿದ್ದೇವೆ. ನಿಮ್ಮ ಯಜಮಾನರಿಗೆ ಮೊದಲೇ ತಿಳಿಸಿದ್ದೆ.”

ನಾನು ಹಿಂದೆ ನಿಂತಿದ್ದ ಶ್ರೀಧರನ ಕಡೆ ನೋಡಿದೆ. ಅವನು ನೆಲ ನೋಡಿದ. ಜಿರ್ಕೋನಿಯಂ! ಸುರಿದು ಮಾಡುವುದಲ್ಲ, ಬಡಿದು ಕೊರೆದು ಮಾಡುವುದು. ನಾನು ಹೇಳಿದ ಪಾಠವೆಲ್ಲ ಬೇರೆ ಯಾರದೋ ಮಂಡಿಯದು.

“ನೀನು ಅಷ್ಟು ಕಷ್ಟಪಟ್ಟು ಪಾಠ ಮಾಡಿದ್ದೆ, ಹೇಳೋಕೆ ಮನಸ್ಸು ಬರಲಿಲ್ಲ,” ಎಂದ ಶ್ರೀಧರ.

ಒಳಗೆ ಹೋಗಿ ತಪ್ಪು ತಿದ್ದಬೇಕು ಎಂದು ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ಆದರೆ ಸರಸಮ್ಮ ಚೇಚಿ ಅತ್ತೆಯ ಕೈ ಹಿಡಿದು ನಗುತ್ತಿದ್ದರು. ನನ್ನನ್ನು ಕಂಡ ಅತ್ತೆ, “ಬಾರೇ ಸುಮಾ, ನಾನು ಹೇಳ್ತಿರೋದು ಸರಿ ತಾನೆ?” ಎಂದರು. “ಪೂರ್ತಿ ಸರಿ ಅತ್ತೆ,” ಎಂದೆ. ಎಷ್ಟೋ ಬುದ್ಧಿವಂತ ಮಕ್ಕಳಿಗೆ ಅರ್ಧರ್ಧ ಅಂಕ ಕತ್ತರಿಸಿದ ನಾನು, ಪೂರ್ತಿ ತಪ್ಪು ಉತ್ತರಕ್ಕೆ ನೂರಕ್ಕೆ ನೂರು ಕೊಟ್ಟದ್ದು ಅದೇ ಮೊದಲು.