ತಟ್ಟೆ ತೊಳೆಯುವ ಗಂಡಂದಿರು

ರಾಯದುರ್ಗದ ಬಟ್ಟೆ ವ್ಯಾಪಾರಿ ರೇವಣಸಿದ್ದಯ್ಯನಿಗೆ ಆಶೀರ್ವಾದಪ್ಪನವರ ಮೇಲೆ ಕೆಂಡದಂಥ ಸಿಟ್ಟಿತ್ತು. ಆಶೀರ್ವಾದಪ್ಪನವರು ಸತ್ತು ವರ್ಷಗಳಾಗಿದ್ದರಿಂದ ಸಿಟ್ಟು ತೀರಿಸಿಕೊಳ್ಳಲೂ ದಾರಿಯಿರಲಿಲ್ಲ. ಮಡಕಶಿರದ ಈ ಕ್ರೈಸ್ತ ಮೇಷ್ಟ್ರು ಹಿಂದೊಮ್ಮೆ ರಾಯದುರ್ಗದಲ್ಲೂ ಪಾಠ ಹೇಳಿ, ರಾಶಿ ಕಾದಂಬರಿ ಬರೆದು, ಪುಣ್ಯವಂತರಂತೆ ಹೋಗಿಬಿಟ್ಟಿದ್ದರು. ಅನುಭವಿಸುವವನು ರೇವಣಸಿದ್ದಯ್ಯ. ಏಕೆಂದರೆ ಆ ಕಾದಂಬರಿಗಳ ಒಳ್ಳೆಯ ಗಂಡಂದಿರೆಲ್ಲ ಉಂಡ ತಟ್ಟೆಯನ್ನು ತಾವೇ ತೊಳೆಯುತ್ತಿದ್ದರು, ಅವನ್ನೆಲ್ಲ ಅವನ ಹೆಂಡತಿ ಗುರುಬಸಮ್ಮ ಓದಿಬಿಟ್ಟಿದ್ದಳು. ಈಗ ಅವನ ತಟ್ಟೆ ಕೂತಲ್ಲೇ ಒಣಗುತ್ತಿತ್ತು.

"ಬರಿಯೋದು ಸಸಾರ ಐತಿ," ಎಂದು ಒಂದು ದಿನ ಸಿಡಿದ. "ಆ ಮನುಷ್ಯ ಮನ್ಯಾಗ ಒಂದು ಚಮಚಾನೂ ತೊಳದಿರಾಕಿಲ್ಲ. ನಮ್ಮ ಮನಿತನದಾಗಂತೂ ಯಾವ ಗಂಡಸೂ ಎಂಜಲ ತಟ್ಟೆ ಮುಟ್ಟಿಲ್ಲ."

"ಅವರು ನುಡದಂಗ ನಡದೋರ್ರಿ."

"ಹಂಗಾರ ಮಡಕಶಿರಕ್ಕ ಹೋಗಿ ಅವರ ಹೆಂಡ್ತೀನ ಕೇಳೋಣ ನಡಿ. ತೊಳೀತಿದ್ರು ಅಂದ್ರ ಸಾಯೋತನಕ ನಾನೂ ತೊಳೀತೀನಿ. ಇಲ್ಲ ಅಂದ್ರ ಆ ಪುಸ್ತಕ ಎಲ್ಲ ಅಟ್ಟಕ್ಕ."

(ಇಂಥ ಮಹಾಯೋಜನೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ತನ್ನ ಮೇಲೂ ಸ್ವಲ್ಪ ಸಿಟ್ಟು ಬಂತು.)

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರನ ಮೇಲೆ ರೇಗಿದ, ಪಾವಗಡದಲ್ಲಿ ಕಾಫಿಯ ಮೇಲೆ ರೇಗಿದ. ಗುರುಬಸಮ್ಮನೋ, ಕಾದಂಬರಿಯಲ್ಲಿ ಓದಿದ ಹಿಪ್ಪುನೇರಳೆ ತೋಟ, ಓದಿದ ಕೋಟೆಬೆಟ್ಟ ಕಿಟಕಿಯಲ್ಲಿ ಕಂಡಾಗಲೆಲ್ಲ ಕಾಶಿಗೆ ಬಂದವಳಂತೆ ಕೈಮುಗಿಯುತ್ತಿದ್ದಳು. ಅವನು ಹಲ್ಲು ಕಡಿದು ಕೂತ.

ಬೆಟ್ಟದ ಬುಡದ ಮನೆಯಲ್ಲಿ ಆಶೀರ್ವಾದಪ್ಪನವರ ಹೆಂಡತಿ ಸುಗುಣಮ್ಮ, ಓದುವವರು ಬಂದರೆಂಬ ಸಂತೋಷಕ್ಕೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಉಂಡು ಮುಗಿಸಿದವನೇ ರೇವಣಸಿದ್ದಯ್ಯ ಕೇಳಿಬಿಟ್ಟ.

"ಖರೇ ಹೇಳ್ರಿ ಅಮ್ಮಾ, ನಿಮ್ಮ ಯಜಮಾನ್ರು ತಟ್ಟೆ ತೊಳೀತಿದ್ರೇನ್ರಿ?"

"ಅವ್ರಾ? ಒಂದು ಲೋಟನೂ ತೊಳ್ದೋರಲ್ಲ ಕಣಪ್ಪ. ತಟ್ಟೇಲೇ ಕೈ ತೊಳ್ದು ಎದ್ದೋಗೋರು."

ಅವನು ಮೀಸೆ ತಿರುವಿದ. ಗುರುಬಸಮ್ಮನ ಮುಖ ಸಣ್ಣದಾಯಿತು. ಪುಸ್ತಕಗಳು ಅಟ್ಟ ಹತ್ತಿಹೋದಂತೆಯೇ ಅವಳಿಗೆ ದುಃಖವಾಯಿತು.

"ಮತ್ತ ಹಂಗ್ಯಾಕ ಬರದ್ರು, ಅಮ್ಮಾ?" ಎಂದು ಕೇಳಿದಳು.

"ನಿಮ್ಮೂರಾಗೆ ಬಟ್ಟೆ ಅಂಗಡಿ ಕಲ್ಲೇಶಪ್ಪ ಅಂತ ಇದ್ರಂತೆ. ಇವ್ರನ್ನ ಊಟಕ್ಕೆ ಕರೆಯೋರು. ಉಂಡಾದ್ಮೇಲೆ ತಟ್ಟೆಗೆ ನೀರು ಬಿಟ್ಟು, ಒಂದಗುಳೂ ಉಳೀದಂಗೆ ಕುಡ್ದು, ತಾವೇ ಬೆಳಗಿ ಬೋರಲು ಹಾಕೋರಂತೆ. 'ಪ್ರಸಾದದ ತಟ್ಟೆ ಎಂಜಲು ಹೆಂಗಾಗ್ತೈತೆ ಮೇಷ್ಟ್ರೆ' ಅನ್ನೋರಂತೆ. ನಮ್ಮೋರು ಸಾಯೋಗಂಟ ಅದ್ನೇ ಹೇಳೋರು. ಮಾಡಾಕೆ ಮಾತ್ರ ಆಗ್ಲಿಲ್ಲ."

ಕಲ್ಲೇಶಪ್ಪ ರೇವಣಸಿದ್ದಯ್ಯನ ಅಪ್ಪ. ಆ ಮಾವನನ್ನು ಗುರುಬಸಮ್ಮ ಗೋಡೆಯ ಪಟದಲ್ಲಷ್ಟೇ ಕಂಡಿದ್ದಳು. ಮಗನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಇಷ್ಟು ವರ್ಷ ಅನುಕೂಲವಾಗಿ ಮರೆತಿದ್ದ, ಅಷ್ಟೆ.

"ಕಾದಂಬರೀಲಿ ಒಬ್ಬ ಸಿಡುಕ ಗಂಡ ಬರ್ತಾನಲ್ಲಮ್ಮ," ಎಂದು ಸುಗುಣಮ್ಮ ಮುಂದುವರಿಸಿದರು, "ಅದು ಕಲ್ಲೇಶಪ್ಪನ ಮಗನ್ನ ನೋಡಿ ಬರ್ದಿದ್ದಂತೆ. ಚಿಕ್ಕೋನಿದ್ದಾಗ್ಲೇ ತಟ್ಟೆ ಬಿಟ್ಟು ಓಡೋನಂತೆ. ಈಗ ಎಲ್ಲವ್ನೋ, ಪಾಪ."

"ಇಲ್ಲೇ ಅದಾರ್ರಿ ಅಮ್ಮಾ," ಎಂದಳು ಗುರುಬಸಮ್ಮ.

ರೇವಣಸಿದ್ದಯ್ಯ ತಟ್ಟೆ ಎತ್ತಿಕೊಂಡು ಹಿತ್ತಲಿನ ನಲ್ಲಿಗೆ ನಡೆದ. ಸಿಟ್ಟನ್ನೆಲ್ಲ ಆ ತಟ್ಟೆಯ ಮೇಲೆ ತೀರಿಸಿಕೊಳ್ಳುತ್ತ ಅಲ್ಲಿಂದಲೇ ಗದರಿದ.

"ಪಂದ್ಯ ನಾನ ಗೆದ್ದೀನಿ, ನೆನಪಿರ್ಲಿ."

"ಹೌದ್ರಿ, ನೀವ ಗೆದ್ದೀರಿ. ಬೋರಲು ಹಾಕಿ ಬರ್ರಿ."